ಹಿಡಿಕೆಗೆ ಕೈ ಹಚ್ಚಿ ಹೋದವರು

ರೊಟ್ಟಿ ಯಂತ್ರ ಮನೆಗೆ ಬಂದ ದಿನ ಅವ್ವ ಒಂದೇ ಮಾತು ಹೇಳಿದಳು: "ಅಮಾಸಿ ಮಟ ನೋಡ್ತೀನಿ. ಅಷ್ಟರಾಗ ನೆಟ್ಟಗ ರೊಟ್ಟಿ ಬಂದ್ರ ಇರಲಿ. ಇಲ್ಲಂದ್ರ ತಿರುಗಿ ಕೊಟ್ಟು ಬಾ, ನಾನ ಬಡೀತೀನಿ."

ಇನ್ನು ಬಡಿಯಲೇಬಾರದು ಎಂದು ಕೊಪ್ಪಳದ ಡಾಕ್ಟರು ಹೇಳಿಯಾಗಿತ್ತು. ಅವಳ ಬಲಗೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ; ಜಡೆ ನಾನೇ ಹಾಕಬೇಕಿತ್ತು. ಆ ಕೈ ರೊಟ್ಟಿ ಬಡಿದು ಮಾರಿಯೇ ನನ್ನನ್ನು ಓದಿಸಿದ್ದು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಪುಕ್ಕಟೆ ಬಂದದ್ದಲ್ಲ ಅದು.

ಯಂತ್ರ ಕೈಯಿಂದ ಎಳೆಯುವಂಥದ್ದು. ತಿರುಗುವ ಚಕ್ರದ ಮೇಲೆ ನಾಲ್ಕು ಮನೆ. ಮೊದಲನೆಯದರಲ್ಲಿ ಹಿಟ್ಟಿನ ಉಂಡೆ ಬೀಳುತ್ತದೆ, ಎರಡನೆಯದರಲ್ಲಿ ಚಪ್ಪಟೆಯಾಗುತ್ತದೆ, ಮೂರನೆಯದರಲ್ಲಿ ತೆಳ್ಳಗಾಗುತ್ತದೆ, ನಾಲ್ಕನೆಯದರಿಂದ ಹಂಚಿಗೆ ಜಾರುತ್ತದೆ. ಹಿಡಿಕೆ ಒಮ್ಮೆ ಎಳೆದರೆ ನಾಲ್ಕೂ ಕೆಲಸ ಒಟ್ಟಿಗೆ. ಆದರೆ ಪೂರ್ತಿ ಎಳೆಯಬೇಕು. ಅರ್ಧಕ್ಕೆ ಬಿಟ್ಟರೆ ಚಕ್ರ ಎರಡು ಮನೆಗಳ ನಡುವೆ ನಿಲ್ಲುತ್ತದೆ, ಒತ್ತುವ ತಟ್ಟೆ ಅಂಚಿಗೆ ಬಡಿದು ಹೊಂದಿಸಿದ್ದೆಲ್ಲ ಹಾಳು.

ತಿರುಪು ಬಿಗಿದು, ಸಡಿಲಿಸಿ, ಮತ್ತೆ ಬಿಗಿದು ಅಂತೂ ಒಂದು ಮಧ್ಯಾಹ್ನ ನಾಲ್ಕೂ ಸರಿಯಾದವು. ಕೈ ತೊಳೆದು ಬರುವಷ್ಟರಲ್ಲಿ ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಕುಂಕುಮ ಹಚ್ಚಿ, ಹಿಡಿಕೆಯನ್ನು ಅರ್ಧ ಎಳೆದು ಕೈಮುಗಿಯುತ್ತಿದ್ದಳು.

"ದೊಡ್ಡವ್ವ, ಅದನ್ಯಾಕ ಎಳದಿ?"

"ಹೊಸಾ ಸಾಮಾನಿಗೆ ಕೈ ಹಚ್ಚಬಾರದೇನ? ನಿಮ್ಮ ಮಾವನ ಟ್ರ್ಯಾಕ್ಟರಿಗೂ ನಾನ ಹಚ್ಚಿದ್ದೆ. ಇನ್ನೂ ಛಲೋ ಓಡಾಕತ್ತೈತಿ."

ನಮ್ಮ ಕಡೆ ಹಾಗೆಯೇ. ಹೊಸದೇನು ಬಂದರೂ ನೋಡಲು ಬಂದವರು ಕೈ ಹಚ್ಚಿ ಹರಸಬೇಕು. ಹಚ್ಚದೆ ಹೋದರೆ ಹೊಟ್ಟೆಕಿಚ್ಚು ಎಂದು ಅರ್ಥ. ನಾನು ಮತ್ತೆ ಸ್ಪ್ಯಾನರ್ ಹಿಡಿದೆ. ಮರುದಿನ ಪಕ್ಕದ ಮನೆಯ ಚಾಚಿ ಬರುತ್ತಾರೆಂದು ಗೊತ್ತಿತ್ತು. 'ಮುಟ್ಟಬೇಡಿ' ಎಂದು ರಟ್ಟಿನ ಮೇಲೆ ಬರೆದು ಹಿಡಿಕೆಗೆ ತೂಗುಹಾಕಿದೆ. ಚಾಚಿ ಅದನ್ನು ಓದಿದರು, ಬದಿಗೆ ಸರಿಸಿದರು, ದುವಾ ಮಾಡಿ ಎಳೆದರು. ಅರ್ಧಕ್ಕೇ ಬಿಟ್ಟರು.

"ಚಾಚಿ, ಬೋರ್ಡ್ ಹಾಕೀನಲ್ರಿ."

"ಅದು ಹೊರಗಿನವ್ರಿಗೆ ಬರದಿದ್ದಲ್ಲೇನು ಬೇಟಿ?"

ಅವ್ವ ಮೂಲೆಯಲ್ಲಿ ಕೂತು ಭುಜ ನೀವಿಕೊಳ್ಳುತ್ತಿದ್ದಳು. "ಇಷ್ಟೊತ್ತಿಗೆ ನಾ ಒಂದು ಬುಟ್ಟಿ ಬಡೀತಿದ್ದೆ" ಎಂದಳು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಮತ್ತೆ ಮೊದಲಿನಿಂದ ತಿರುಪುಗಳನ್ನು ಹೊಂದಿಸಿದೆ.

ಅಮಾವಾಸ್ಯೆಯ ಹಿಂದಿನ ದಿನ ಕುಷ್ಟಗಿಯಿಂದ ದೊಡ್ಡವ್ವನ ಬೀಗರು ಬರುವ ಸುದ್ದಿ ಬಂತು. ಅವರಿಗೆ ಬೇಡ ಅನ್ನುವ ಹಾಗಿಲ್ಲ. ಹಿಡಿಕೆಯನ್ನು ಚಕ್ರಕ್ಕೆ ಕೂಡಿಸುವ ಪಿನ್ನನ್ನೇ ಕಿತ್ತು ಗೋಡೆಯ ಗೂಡಿನಲ್ಲಿಟ್ಟೆ. ಬೀಗರು ಒಬ್ಬೊಬ್ಬರಾಗಿ ಎಳೆದರು, "ಭಾಳ ಹಗುರ ಐತ್ರಿ" ಎಂದು ಮೆಚ್ಚಿದರು, ಚಹಾ ಕುಡಿದು ಹೋದರು. ಚಕ್ರ ಅಲುಗಿರಲಿಲ್ಲ.

ಪಿನ್ ಹಾಕಿ, ಬಿಸಿ ಎಸರಿನಲ್ಲಿ ಹಿಟ್ಟು ನಾದಿ ಎಳೆದೆ. ಮೊದಲನೆಯ ರೊಟ್ಟಿ ಹರಿಯಿತು. ಎರಡನೆಯದು ದುಂಡಗೆ ಜಾರಿ, ಹಂಚಿನ ಮೇಲೆ ಉಬ್ಬಿತು. ಅವ್ವ ಮುರಿದು, ಶೇಂಗಾ ಚಟ್ನಿ ಹಚ್ಚಿ ತಿಂದಳು.

"ಅಂಚು ದಪ್ಪ ಆಗೇತಿ" ಎಂದು ಎದ್ದು ಹೋದಳು. ಇರಲಿ ಅನ್ನಲಿಲ್ಲ, ಕೊಟ್ಟು ಬಾ ಅಂತಲೂ ಅನ್ನಲಿಲ್ಲ.

ಅಮಾವಾಸ್ಯೆಯ ಬೆಳಗ್ಗೆ ಅಂಚು ಸರಿಮಾಡಲು ಹೋದರೆ ಯಂತ್ರದಲ್ಲಿ ಪಿನ್ ಇಲ್ಲ. ಗೂಡಿನಲ್ಲೂ ಇಲ್ಲ. ಮತ್ತೆ ಯಾರು ಕೈ ಹಚ್ಚಿದರೋ ಎಂದು ರೇಗಿಕೊಂಡು ಹೊರಬಂದೆ. ಬಾಗಿಲಲ್ಲಿ ಚಾಚಿಯ ಸೊಸೆ ನಿಂತಿದ್ದಳು.

"ಬಾರವ್ವ, ನೀನೂ ಕೈ ಹಚ್ಚು" ಎನ್ನುತ್ತಿದ್ದಳು ಅವ್ವ. "ಎಷ್ಟು ಬೇಕಷ್ಟು ಎಳಿ."

ಅವ್ವನ ಸೊಂಟದಲ್ಲಿ, ಟ್ರಂಕಿನ ಬೀಗದಕೈಗಳ ಜೊತೆ, ಪಿನ್ ತೂಗುತ್ತಿತ್ತು.