ಎಡಭುಜದ ಮೇಲಿನ ಬೆರಳು

ದೆವ್ವ, ಭೂತ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದವನು. ಹೋಗುವ ಮುಂಚೆ ಎರಡು ಮಾತು ಬೈದೇ ಹೋಗುತ್ತಿದ್ದೆ. ಗಾಡಿ ನಡೆಸುವವನಿಗೆ ಎಲ್ಲದಕ್ಕೂ ಒಂದು ಕಾರಣ ಇರುತ್ತದೆ. ತಂತಿ ಕಡಿದಿರುತ್ತದೆ, ಎಣ್ಣೆಯಲ್ಲಿ ಕಸ ಸಿಕ್ಕಿರುತ್ತದೆ, ಹುಡುಕಿದರೆ ಸಿಗುತ್ತದೆ. ಈ ಒಂದು ಸಂಗತಿಗೆ ಮಾತ್ರ ಇಷ್ಟು ವರ್ಷ ಹುಡುಕಿದರೂ ಕಾರಣ ಸಿಕ್ಕಿಲ್ಲ. ಓದಿದವರು ನಕ್ಕರೆ ನಗಲಿ, ಅವರ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನಾನು ಭಾತಂಬ್ರಾದ ಕುರಿ ಸಾಕುವವರ ಮನೆಯವನು. ನನಗೆ ಗಾಡಿ ಕಲಿಸಿದವರು ಬೀದರಿನ ನೌಬಾದದಲ್ಲಿದ್ದ ಒಬ್ಬ ಲಾರಿ ಡ್ರೈವರು. ಯುದ್ಧದ ಕಾಲದಲ್ಲಿ ಮಿಲಿಟರಿ ಗಾಡಿಗಳನ್ನೆಲ್ಲ ನಡೆಸಿ ಬಂದವರು. ನಾವು ಅವರನ್ನು ಉಸ್ತಾದ ಎನ್ನುತ್ತಿದ್ದೆವು. ಲಾರಿಯ ಸದ್ದಿನಲ್ಲಿ ಮಾತು ಕೇಳುವುದಿಲ್ಲವೆಂದು ಅವರು ಪಕ್ಕದಲ್ಲಿ ಕೂತು ನನ್ನ ಎಡಭುಜದ ಮೇಲೆ ಬೆರಳಿನಿಂದ ತಟ್ಟುತ್ತಿದ್ದರು. ಒಂದು ಸಲ ತಟ್ಟಿದರೆ ರೇಸಿನ ಮೇಲಿನ ಕಾಲು ತೆಗೆಯಬೇಕು. ಎರಡು ಸಲ ತಟ್ಟಿದರೆ ಸ್ಟೇರಿಂಗ್ ಸಡಿಲು ಬಿಡಬೇಕು. ಆ ಎರಡು ತಟ್ಟು ಯಾವಾಗಲೂ ಬರುತ್ತಿದ್ದದ್ದು ತಿರುವು ಮುಗಿದ ಮೇಲೆ. ತಿರುವಿಗೆ ಮುಂಚೆ ಒಂದು ದಿನವೂ ಬಂದಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಆ ಕಾಲದ ಉಸ್ತಾದರಲ್ಲಿ ಒಂದು ರೂಢಿ ಇತ್ತು. ಶಿಷ್ಯನಿಗೆ ಎಲ್ಲ ಕಲಿಸಿ, ಒಂದೇ ಒಂದು ಕಸುಬಿನ ಗುಟ್ಟನ್ನು ತಮ್ಮ ಹತ್ತಿರ ಉಳಿಸಿಕೊಳ್ಳುತ್ತಿದ್ದರು. ನಮ್ಮವರೂ ನಗುತ್ತ ಹೇಳುತ್ತಿದ್ದರು: “ಒಂದು ಬಾಕಿ ಇಟ್ಟೀನಿ ನೋಡಪ್ಪಾ. ನಾವಿಬ್ಬರೂ ಅಗಲೋ ದಿನ ಕೊಡ್ತೇನಿ.” ಆ ದಿನ ಬರಲೇ ಇಲ್ಲ. ನಲವತ್ತೆಂಟರ ಪೊಲೀಸ್ ಆಕ್ಷನ್ನಿನ ಗದ್ದಲದಲ್ಲಿ ಸಾಮಾನು ಹಾಕಿಕೊಂಡು ಹೋದ ಅವರ ಲಾರಿ ತಿರುಗಿ ಬರಲಿಲ್ಲ, ಅವರೂ ಬರಲಿಲ್ಲ. ಸತ್ತರೆಂದು ಕೆಲವರು, ಗಡಿ ದಾಟಿ ಹೋದರೆಂದು ಕೆಲವರು. ಕಣ್ಣಾರೆ ಕಂಡವರು ಯಾರೂ ಇಲ್ಲ. ನೌಬಾದದಲ್ಲಿ ಮಗಳ ಮನೆಯಲ್ಲಿದ್ದ ಅವರ ತಾಯಿ ಮಾತ್ರ ಹೋಗಿ ಬರುವ ಪ್ರತಿ ಗಾಡಿಯವನನ್ನೂ ನಿಲ್ಲಿಸಿ ಮಗನನ್ನು ಕಂಡೆಯಾ ಎಂದು ಕೇಳುತ್ತಿದ್ದರು.

ಆಮೇಲೆ ನಾನು ಬೀದರಿನ ಒಂದು ಸರಕಾರಿ ಕಚೇರಿಯಲ್ಲಿ ಸಾಹೇಬರ ಜೀಪಿಗೆ ಡ್ರೈವರಾಗಿ ಸೇರಿದೆ. ಮಿಲಿಟರಿಯವರು ಬಿಟ್ಟ ಹಳೆಯ ಗಾಡಿ. ಸ್ಟೇರಿಂಗ್ ಎಡಕ್ಕೆ, ಬಾಗಿಲೇ ಇಲ್ಲ. ಗೇರಿನ ಪಕ್ಕದ ಸಣ್ಣ ಹಿಡಿ ಎಳೆದರೆ ನಾಲ್ಕೂ ಗಾಲಿ ಎಳೆಯುತ್ತಿದ್ದವು. ಎರೆಮಣ್ಣಿನ ಕೆಸರಿನಲ್ಲಿ, ನೇರ ದಾರಿಯಿದ್ದರೆ, ಅದರಂಥ ಗಾಡಿ ಇಲ್ಲ. ತಿರುವು ಬಂತೋ, ಮುಗಿಯಿತು! ತಿರುಗುವಾಗ ಮುಂದಿನ ಗಾಲಿ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕು, ಆದರೆ ಆ ಹಿಡಿ ಎರಡನ್ನೂ ಒಂದೇ ವೇಗಕ್ಕೆ ಕಟ್ಟಿರುತ್ತದೆ. ಜಾರುವ ನೆಲದಲ್ಲಿ ಮುಂದಿನ ಗಾಲಿ ಓರೆಯಾದರೂ ಗಾಡಿ ನೇರವಾಗಿ ಗಟಾರಕ್ಕೇ ಹೋಗುತ್ತದೆ. ಈ ಕಾರಣ ನನಗೆ ತಿಳಿದದ್ದು ಬಹಳ ಆಮೇಲೆ. ಆಗ ಗೊತ್ತಿದ್ದದ್ದು ಸ್ಟೇರಿಂಗ್ ಇನ್ನಷ್ಟು ತಿರುವುವುದು, ಇನ್ನಷ್ಟು ರೇಸ್ ಕೊಡುವುದು, ಆಮೇಲೆ ಗಾಡಿ ಎಳೆಸಲು ಎತ್ತು ಹುಡುಕಿಕೊಂಡು ಹೋಗುವುದು.

“ಯಾಕೋ, ಸರಕಾರಿ ಗಾಡೀಲೆ ಹೊಲಾ ಉಳಾಕ ಹತ್ತೀಯೇನು?” ಎಂದು ಸಾಹೇಬರು ಎಲ್ಲರೆದುರು ಅಂದಿದ್ದರು. ಕೇಳೋಣವೆಂದರೆ ಯಾರನ್ನು ಕೇಳುವುದು? ಬಾಕಿ ಇಟ್ಟುಕೊಂಡು ಹೋದ ಉಸ್ತಾದರನ್ನು ನಾನು ಮನಸ್ಸಿನಲ್ಲೇ ಜಿಪುಣನೆಂದು ಬೈದದ್ದಕ್ಕೆ ಲೆಕ್ಕವಿಲ್ಲ.

ಶ್ರಾವಣದ ಒಂದು ಮುಂಜಾನೆ. ಠಾಣಾ ಕುಶನೂರದಲ್ಲಿ ಮೊಕ್ಕಾಂ ಮಾಡಿದ್ದ ಸಾಹೇಬರನ್ನು ಕರೆತರಲು ಖಾಲಿ ಜೀಪು ತೆಗೆದುಕೊಂಡು ಹೊರಟಿದ್ದೆ. ನೌಬಾದದಲ್ಲಿ ಉಸ್ತಾದರ ತಾಯಿ ಮಳೆಯಲ್ಲೇ ರಸ್ತೆಗೆ ಬಂದು ನಿಂತಿದ್ದರು.

“ಬೇಟಾ, ಕುಶನೂರದಾಗ ಗಾಡಿ ರಿಪೇರಿ ಮಾಡೋ ಹೊಸಾ ಮಿಸ್ತ್ರಿ ಬಂದಾನಂತ. ಬಲಗೈ ಮ್ಯಾಲ ಸುಟ್ಟ ಗಾಯದ ಕಲಿ ಅದಂತ. ನನ್ನ ಮಗನ ಕೈ ಹಂಗೇ ಅಲ್ಲೇನು? ನನಗ ಒಂದು ಸಲ ಅವನ್ನ ತೋರಿಸಿಕೊಂಡು ಬಾರೋ.”

ಇಲ್ಲ ಎನ್ನಲು ಬಾಯಿ ಬರಲಿಲ್ಲ. ಬಲಗಡೆಯ ಸೀಟಿನಲ್ಲಿ ಕೂರಿಸಿಕೊಂಡೆ. ದಾರಿಯುದ್ದಕ್ಕೂ ಮಗನ ಮಾತೇ ಮಾತು.

ಕುಶನೂರಕ್ಕೆ ಇನ್ನೂ ದೂರವಿತ್ತು. ಇಳಿಜಾರಿನ ಕೊನೆಗೆ ದಾರಿ ಬಲಕ್ಕೆ ಹೊರಳುತ್ತದೆ, ನೇರ ಹೋದರೆ ಹಳ್ಳ. ಹಳ್ಳ ತುಂಬಿ ಹರಿಯುತ್ತಿತ್ತು. ನಾಲ್ಕು ಗಾಲಿಯ ಹಿಡಿ ಎಳೆದೇ ಇತ್ತು. ಬಲಕ್ಕೆ ತಿರುವಿದೆ, ಗಾಡಿ ಕೇಳಲಿಲ್ಲ. ಪೂರ್ತಿ ತಿರುವಿ ರೇಸ್ ಒತ್ತಿದೆ, ನೇರ ಹಳ್ಳದ ಕಡೆಗೇ ಓಡಿತು. ಪಕ್ಕದಲ್ಲಿ ತಾಯಿ “ಯಾ ಅಲ್ಲಾ” ಎಂದು ಎರಡೂ ಕೈಯಿಂದ ಮುಂದಿನ ಕಂಬಿ ಹಿಡಿದುಕೊಂಡರು.

ಆಗ ನನ್ನ ಎಡಭುಜದ ಮೇಲೆ ಒಂದು ಸಲ ತಟ್ಟಿದಂತಾಯಿತು. ಕಾಲು ತನ್ನಷ್ಟಕ್ಕೆ ರೇಸು ಬಿಟ್ಟಿತು. ಕೂಡಲೇ ಮತ್ತೆ ತಟ್ಟಿತು, ಎರಡು ಸಲ. ತಿರುವು ಇನ್ನೂ ಆಗಿಲ್ಲ, ಎದುರಿಗೆ ನೀರು. ಈಗ ಸ್ಟೇರಿಂಗ್ ಸಡಿಲು ಬಿಟ್ಟರೆ ನೇರ ಹಳ್ಳಕ್ಕೇ! ಬೇಡ, ಬೇಡ ಎಂದು ಮನಸ್ಸು ಕೂಗುತ್ತಿತ್ತು. ಕೈ ಕೇಳಲಿಲ್ಲ, ಬಿಟ್ಟಿತು. ಗಾಲಿ ನೇರವಾಯಿತು, ನೆಲ ಕಚ್ಚಿತು. ಅದು ಕಚ್ಚಿದ್ದು ಅಂಗೈಗೆ ತಿಳಿಯಿತು. ಆಮೇಲೆ ಮೆಲ್ಲಗೆ ಬಲಕ್ಕೆ ಎಳೆದರೆ, ಸಾಲಿನ ಕೊನೆಗೆ ಎತ್ತು ಹೊರಳಿದ ಹಾಗೆ ಜೀಪು ಹೊರಳಿಬಿಟ್ಟಿತು.

ನಿಲ್ಲಿಸಿ ಕೆಳಗಿಳಿದೆ. ಎಡಗಡೆ ಯಾರು ಕೂರಲು ಸಾಧ್ಯ? ಅತ್ತ ಸೀಟೇ ಇಲ್ಲ, ಬರೀ ಬಯಲು, ಬರೀ ಮಳೆ. ತಾಯಿ ಬಲಗಡೆ, ಕಂಬಿ ಬಿಡದೆ ಕೂತಿದ್ದರು. ಅಂಜಿಕೆಯಲ್ಲಿ ಹಳೆಯ ರೂಢಿ ನೆನಪಾಗಿರಬೇಕು ಎಂದುಕೊಂಡೆ. ಆದರೆ ಕಲಿಯದೇ ಇದ್ದದ್ದು ನೆನಪಾಗುವುದು ಹೇಗೆ? ನಾವಿಬ್ಬರೂ ಅಗಲುವ ದಿನ ಕೊಡುತ್ತೇನೆ ಅಂದಿದ್ದರಲ್ಲ. ಆ ಬಾಕಿ ಇವತ್ತು ತೀರಿತೆಂದರೆ, ಅವರು ಇನ್ನಿಲ್ಲ. ಈ ತಾಯಿಯನ್ನು ಕುಶನೂರಕ್ಕೆ ಕರೆದೊಯ್ಯುವುದರಲ್ಲಿ ಅರ್ಥವಿಲ್ಲ ಎಂದು ಅನ್ನಿಸಿತು. ಹೇಳುವ ಧೈರ್ಯ ಎಲ್ಲಿಂದ ತರಲಿ?

ಮಿಸ್ತ್ರಿ ಬೇವಿನ ಗಿಡದ ಕೆಳಗೆ ಚಕ್ರ ಬಿಚ್ಚುತ್ತಿದ್ದ. ತಾಯಿ ಮೊದಲು ಅವನ ಕೈ ನೋಡಿದರು, ಆಮೇಲೆ ಮುಖ. “ಯಾರ ಬೇಕಾಗಿತ್ರೀ ಅಮ್ಮಾ?” ಎಂದು ಅವನು ಕೇಳಿದ. “ಏನಿಲ್ಲ ಬಿಡಪ್ಪಾ” ಎಂದು ತಿರುಗಿ ಬಂದರು. ಅಳಲಿಲ್ಲ. “ಇವಾ ಅಲ್ಲ ಬೇಟಾ. ಅಂದಮ್ಯಾಲ ನಮ್ಮಾಂವ ಬ್ಯಾರೆ ಕಡಿ ಎಲ್ಲ್ಯೋ ಅದಾನ” ಎಂದರು.

ವಾಪಸು ಬರುವಾಗ ಸಾಹೇಬರು ಮುಂದೆ, ಗೊಣಗಿದರೂ ತಾಯಿಯನ್ನು ಹಿಂದೆ ಕೂರಿಸಿದರು. ಅದೇ ಹಳ್ಳದ ತಿರುವು. ಕಾಲು ತೆಗೆದೆ, ಕೈ ಬಿಟ್ಟೆ, ಗಾಲಿ ಕಚ್ಚಿದ ಮೇಲೆ ಎಳೆದೆ. “ಅರೇ, ಇವತ್ತು ಚಲೋ ಹೊಳ್ಳಿಸಿದ್ಯಲ್ಲೋ!” ಎಂದರು ಸಾಹೇಬರು.

ಹಿಂದಿನಿಂದ ತಾಯಿ ಮುಂದಕ್ಕೆ ಬಾಗಿ ಕೇಳಿದರು: “ಇದು ನಿನ್ನ ಉಸ್ತಾದ ಕಲಿಸಿದ್ದೇನು?”

“ಹೌದ್ರೀ ಅಮ್ಮಾ.”

“ಯಾವಾಗ ಕಲಿಸ್ದ?”

“ಮೊದ್ಲೇ ರೀ, ಭಾಳ ಮೊದ್ಲೇ” ಎಂದೆ. ಅವರಿಗೆ ಎಷ್ಟು ಸಂತೋಷವಾಯಿತೋ! “ಅಂವಾ ಬಾಕಿ ಇಡಾಂವ ಅಲ್ಲ ಬಿಡು” ಎಂದರು. ಕಣ್ಣು ಮುಚ್ಚುವವರೆಗೂ ಅವರು ಮಗನ ದಾರಿ ಕಾದರು, ನಾನು ಆ ಸುಳ್ಳನ್ನು ಕಾದುಕೊಂಡು ಬಂದೆ.

ಅಂದು ಯಾರಾದರೂ ಬಂದರೋ, ಯಾರೂ ಬರಲಿಲ್ಲವೋ, ಇವತ್ತಿಗೂ ನನಗೆ ತಿಳಿಯದು. ಯಾರೂ ಬಂದಿಲ್ಲವೆಂದರೆ ಆ ತಿರುವನ್ನು ನನಗೆ ಕಲಿಸಿದವರು ಯಾರು? ಉಸ್ತಾದರೇ ಬಂದಿದ್ದರೆ ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಜೀಪು ತಿರುಗಿಸುವುದನ್ನು ಹೇಳಿಕೊಡಲು ಅಷ್ಟು ದೂರ ಬಂದವರು, ಪಕ್ಕದಲ್ಲೇ ಕೂತಿದ್ದ ತಾಯಿಯ ಭುಜದ ಮೇಲೆ ಒಂದು ಸಲ ಕೈ ಇಟ್ಟು ಹೋಗಬಾರದಿತ್ತೇ?