ಸ್ಲೈಡಿನ ಮೂಲೆಯ ಕೆಂಪು ಬೊಟ್ಟು

ಅದು 2004ರ ಫೆಬ್ರುವರಿ, ಭಾನುವಾರ. ಶಿವರಾತ್ರಿ ಮುಗಿದು ನಾಲ್ಕು ದಿನವಾಗಿತ್ತು. ಸೂರತ್ತಿನಲ್ಲಿ ಆಗಲೇ ಬಿಸಿಲು ಶುರುವಾಗಿತ್ತು. ನಮ್ಮ ಯಜಮಾನರು ಬಾಗಿಲ ಹತ್ತಿರ ಚಾಪೆ ಹಾಕಿಕೊಂಡು ಸ್ಲೈಡುಗಳನ್ನು ಹರಡಿ ಕೂತಿದ್ದರು. ಹತ್ತು ಸ್ಲೈಡು. ಒಂದೊಂದೂ ಬೆಂಕಿಪೊಟ್ಟಣದಷ್ಟು. ನಡುವೆ ಫಿಲ್ಮು, ಸುತ್ತ ಬಿಳಿ ಪ್ಲಾಸ್ಟಿಕ್ ಚೌಕಟ್ಟು. ಬೆಳಕಿಗೆ ಹಿಡಿದರೆ ಇವರು ಬರೆದ ಚಿತ್ರ ಒಳಗೆ ಕಾಣುತ್ತಿತ್ತು.

ನಾನು ಕನ್ನಡಿಯ ಹಿಂದಿನಿಂದ ಸ್ಟಿಕ್ಕರ್ ಬೊಟ್ಟಿನ ಹಾಳೆ ತಂದೆ. ಪ್ರತಿ ವರ್ಷ ಅದು ನನ್ನ ಕೆಲಸ. ಪ್ರತಿ ಸ್ಲೈಡಿನ ಎಡಗಡೆ ಕೆಳಗಿನ ಮೂಲೆಗೆ ಒಂದು ಕೆಂಪು ಬೊಟ್ಟು ಇಟ್ಟಿರಬೇಕು ಎಂದು, ಇವರು ಕಲಾವಿದರ ಶಿಬಿರಕ್ಕೆ ಹಾಕುತ್ತಿದ್ದ ಅರ್ಜಿಯ ಜೊತೆ ಬರುವ ಕಾಗದದಲ್ಲಿ ಬರೆದಿರುತ್ತಿತ್ತು. ಗೋಡೆಯ ಮೇಲೆ ಚಿತ್ರ ಬಿಡುವ ಮಷೀನಿಗೆ ಹಾಕುವವರಿಗೆ ಯಾವುದು ಮೇಲೆ, ಯಾವುದು ಕೆಳಗೆ ಎಂದು ಗೊತ್ತಾಗಬೇಕಲ್ಲ, ಅದಕ್ಕೆ.

"ಬೇಡ ಬಿಡು, ಈ ಸಲ ನಾನೇ ಇಡ್ತೀನಿ," ಅಂದರು. ಕೈಯಲ್ಲಿ ಕೆಂಪು ಮಾರ್ಕರ್ ಪೆನ್ ಇತ್ತು.

"ಯಾಕೆ, ನಾನಿಟ್ಟ ಬೊಟ್ಟು ಸೊಟ್ಟಗಿರುತ್ತಾ?"

"ಸೊಟ್ಟ ಏನಿಲ್ಲ."

"ಮತ್ತೆ?"

"ನಿನ್ನ ಹಣೆಗೇ ಇರ್ಲಿ ಕಣೆ. ಹತ್ತು ಉಳೀತಲ್ಲ."

ನನಗೆ ಕೋಪ ಬಂತು. "ಹಂಗಾದ್ರೆ ಚಪಾತಿನೂ ನೀವೇ ಲಟ್ಟಿಸ್ಕೊಳಿ," ಅಂದು ಒಳಗೆ ಹೋದೆ. ಮಗಳು ಗಗನಾ ನಕ್ಕಳು. ಅವಳು ಆಗ ಎಂಟನೇ ಕ್ಲಾಸು. ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿ ವಿಳಾಸ ಬರೆದುಕೊಟ್ಟಳು. ಮಧ್ಯಾಹ್ನ ಅನ್ನ ಹುಳಿ ಉಂಡೆವು. ಇವರು ಒಂದು ಗಂಟೆ ಮಲಗಿದರು. ಸಂಜೆ ಮೂರೂ ಜನ ತಾಪಿ ದಂಡೆಗೆ ಹೋಗಿ ಕಡಲೆಕಾಯಿ ತಿಂದು ಬಂದೆವು. ಆ ದಿನ ಬೇರೇನೂ ಆಗಲಿಲ್ಲ.

ಸೋಮವಾರ ಊಟದ ಬಿಡುವಿನಲ್ಲಿ ಪೋಸ್ಟಾಫೀಸಿಗೆ ಹೋಗಿ ಲಕೋಟೆ ರಿಜಿಸ್ಟರ್ ಮಾಡಿದ್ದಾರೆ. ವಾಪಸ್ ಬಂದು ಮಿಲ್ಲಿನ ಮೂರನೇ ಮಹಡಿಗೆ ಹತ್ತುವಾಗ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತರಂತೆ. ಆಟೋ ತರುವಷ್ಟರಲ್ಲಿ ಮುಗಿದಿತ್ತು. ನಲವತ್ತೆರಡು ವರ್ಷ. ಜೇಬಿನಲ್ಲಿ ರಿಜಿಸ್ಟರಿನ ಚೀಟಿ ಇತ್ತು. ಅದನ್ನು ನನ್ನ ಕೈಗೆ ಕೊಟ್ಟರು.

ಇವರ ಹೆಸರು ಬಾಲಚಂದ್ರ. ತಿಪಟೂರಿನ ಕಡೆಯವರು. ತುಮಕೂರಿನಲ್ಲಿ ಡ್ರಾಯಿಂಗ್ ಕಲಿತು, ಎರಡು ವರ್ಷ ಅಂಗಡಿ ಬೋರ್ಡು ಬರೆದರು. ಸ್ನೇಹಿತನೊಬ್ಬ ಸೂರತ್ತಿನ ಸೀರೆ ಪ್ರಿಂಟ್ ಮಿಲ್ಲಿನಲ್ಲಿದ್ದ. ಅವನು ಕರೆದ, ಇವರು ಬಂದರು. ಮದುವೆಯಾದ ಮೇಲೆ ನಾನೂ ಬಂದೆ. ನಾಲ್ಕನೇ ಕ್ಲಾಸಿನ ಕನ್ನಡ ಬಿಟ್ಟು ಬೇರೆ ಅಕ್ಷರ ನನಗೆ ಬಾರದು. ಇಲ್ಲಿನ ಬಸ್ಸಿನ ಬೋರ್ಡು ಈಗಲೂ ಗಗನಾ ಓದಿ ಹೇಳಬೇಕು.

ಮಿಲ್ಲಿನಲ್ಲಿ ಇವರದು ಟ್ರೇಸಿಂಗ್ ಕೆಲಸ. ಒಂದು ಸೀರೆಯಲ್ಲಿ ಆರು ಬಣ್ಣವಿದ್ದರೆ ಆರು ಫಿಲ್ಮು ಬರೆಯಬೇಕು. ಕೆಂಪು ಎಲ್ಲೆಲ್ಲಿ ಬರುತ್ತದೋ ಅಷ್ಟೇ ಒಂದು ಫಿಲ್ಮಿನ ಮೇಲೆ, ಹಸಿರು ಎಲ್ಲೆಲ್ಲಿ ಬರುತ್ತದೋ ಅಷ್ಟೇ ಇನ್ನೊಂದರ ಮೇಲೆ. ಎಲ್ಲವನ್ನೂ ಕಪ್ಪು ಶಾಯಿಯಲ್ಲೇ. ಹದಿನಾರು ವರ್ಷ ಬಣ್ಣದ ಸೀರೆಗೆ ಕಪ್ಪಿನಲ್ಲಿ ಬರೆದರು. ಮನೆಗೆ ಬಂದರೆ ಭಾನುವಾರ ಬಣ್ಣದ ಡಬ್ಬಿ ತೆಗೆಯುತ್ತಿದ್ದರು. ಹಾರ್ಡ್‌ಬೋರ್ಡಿನ ಮೇಲೆ ಬರೆಯುತ್ತಿದ್ದರು. ಹೂವು ಬಳ್ಳಿ ಒಂದೂ ಇಲ್ಲ. ಮಿಲ್ಲಿನ ಹಮಾಲರು, ಬಟ್ಟೆಯ ಗಂಟು, ಬಾಯ್ಲರಿನ ಹತ್ತಿರ ಚಹಾ ಕುಡಿಯುವವರು, ಇಂಥವೇ. ಯಾರೂ ಕೊಳ್ಳಲಿಲ್ಲ. ಕೊಳ್ಳಿ ಎಂದು ಇವರೂ ಯಾರಿಗೂ ಹೇಳಲಿಲ್ಲ.

1999ರ ಕೊನೆಗೆ ಈ ಅರ್ಜಿಯ, ರೆಸಿಡೆನ್ಸಿ ಎಂಬುದರ, ಸುದ್ದಿ ತಂದರು. ನಾನು ಬಹಳ ದಿನ ಅದನ್ನು ಹೋಟೆಲ್ ಅಂದುಕೊಂಡಿದ್ದೆ. ನಮ್ಮ ಊರ ಕಡೆ ಲಾಡ್ಜಿಗೆ ಹಾಗೇ ಹೆಸರಿಡುತ್ತಾರೆ. ಇದು ಹಾಗಲ್ಲವಂತೆ. ವಡೋದರದ ಹೊರಗೆ ಒಂದು ತೋಟ. ಬೇಸಿಗೆಯಲ್ಲಿ ಆರು ವಾರ ಎಂಟು ಜನ ಕಲಾವಿದರು ಅಲ್ಲಿರಬಹುದು. ಇರಲು ಕೋಣೆ, ಬರೆಯಲು ದೊಡ್ಡ ಹಾಲು. ದೊಡ್ಡವರು ಬಂದು ನೋಡಿ ಹೇಳಿಕೊಡುತ್ತಾರೆ. ಊಟದ ಖರ್ಚು, ಬಣ್ಣದ ಖರ್ಚು ನಮ್ಮದೇ. ಅದನ್ನು ನಡೆಸುವ ಟ್ರಸ್ಟಿನ ಆಫೀಸು ಅಹಮದಾಬಾದಿನ ನವರಂಗಪುರದಲ್ಲಿ.

"ಎಮರ್ಜಿಂಗ್ ಆರ್ಟಿಸ್ಟ್‌ಗಳಿಗೆ ಮಾತ್ರ," ಅಂದರು.

"ಹಂಗಂದ್ರೆ?"

"ಈಗಿನ್ನೂ ಹುಟ್ಟುತ್ತಾ ಇರೋ ಕಲಾವಿದರು."

"ತಲೆ ನರೆತಿದೆ, ಈಗ ಹುಟ್ತಾರಂತೆ," ಅಂದೆ.

ಅವರಿಗೆ ಆ ಆರು ವಾರ ಬೇಕಿತ್ತು. ಅದು ಬಿಟ್ಟು ಬೇರೇನನ್ನೂ ಅವರು ಬೇಕು ಅಂದದ್ದು ನಾನು ಕೇಳಿಲ್ಲ. ಬೆಳಿಗ್ಗೆ ಎದ್ದು ಸಂಜೆಯವರೆಗೆ ತನ್ನ ಚಿತ್ರ ತಾನು ಬರೆಯುವುದು, ಒಂದು ಸಲ ಹಾಗಿದ್ದು ನೋಡಬೇಕು ಅನ್ನುತ್ತಿದ್ದರು.

ಆದರೆ ಬೇಸಿಗೆ ಎಂದರೆ ಮದುವೆ ಸೀಸನ್. ಮಿಲ್ಲಿನಲ್ಲಿ ಉಸಿರು ಬಿಡಲು ಹೊತ್ತಿರುವುದಿಲ್ಲ. ರಜೆ ಕೇಳಿದರೆ ಶೇಠು, "ಮದುವೆ ಸೀಸನ್ನಲ್ಲಿ ರಜೆಯಾ? ನಿಂದೇನು ಮದುವೆನಾ ಬಾಲುಭಾಯಿ?" ಅಂದನಂತೆ. ಎಲ್ಲರೂ ನಕ್ಕರಂತೆ. ಆರು ವಾರ ಸಂಬಳವಿಲ್ಲ, ಮೇಲೆ ಅಲ್ಲಿನ ಖರ್ಚು. ಅರ್ಜಿ ಹಾಕುವುದಕ್ಕೇ ಫೀಸು. ಸ್ಲೈಡ್ ಫಿಲ್ಮು ತರಿಸಿ, ಯಾರದೋ ಕ್ಯಾಮೆರಾ ಕೇಳಿ, ತಾರಸಿಯ ಮೇಲೆ ಚಿತ್ರಗಳನ್ನು ನಿಲ್ಲಿಸಿ ತೆಗೆದು, ಅಹಮದಾಬಾದಿಗೆ ಕಳಿಸಿ ತೊಳೆಸಬೇಕು. ಆ ತಿಂಗಳು ಮನೆಯಲ್ಲಿ ಎಣ್ಣೆ ಅರ್ಧ. ನಾನು ಒಂದು ಚೀಟಿ ಹಾಕಿದೆ, ಆಯ್ಕೆಯಾದರೆ ಖರ್ಚಿಗೆ ಇರಲಿ ಎಂದು.

ಮೊದಲನೇ ವರ್ಷ ಅರ್ಜಿಯ ಕಾಗದ ಓದಿ, "ಕೆಂಪು ಬೊಟ್ಟು ಇಡಬೇಕಂತೆ ಕಣೆ," ಅಂದರು. ಬೊಟ್ಟು ಅಂದರೆ ನನಗೆ ಗೊತ್ತಿರುವುದು ಒಂದೇ. ಮನೆಯಲ್ಲಿ ಹೊಸ ಹಾಳೆ ಇತ್ತು. ಮಖಮಲ್ಲಿನ ಬೊಟ್ಟು, ಒಳ್ಳೆ ಕೆಂಪು. ಹತ್ತಕ್ಕೂ ಅಂಟಿಸಿದೆ. ಇವರು ನೋಡಿ, "ಚೆನ್ನಾಗಿದೆ, ಮುತ್ತೈದೆ ಥರ ಇದೆ," ಅಂದು ನಕ್ಕರು. ಅಲ್ಲಿಂದ ಅದು ನನ್ನ ಕೆಲಸವಾಯಿತು.

ಆ ವರ್ಷ ಆಗಲಿಲ್ಲ. ಅಚ್ಚು ಹಾಕಿದ ಒಂದು ಕಾಗದ ಬಂತು, ಜೊತೆಗೆ ನಾವೇ ಸ್ಟಾಂಪು ಹಚ್ಚಿ ಕಳಿಸಿದ್ದ ಲಕೋಟೆಯಲ್ಲಿ ಸ್ಲೈಡುಗಳು ವಾಪಸ್. ಮುಂದಿನ ವರ್ಷವೂ ಅದೇ ಕಾಗದ. 2002ರಲ್ಲಿ ಗಲಾಟೆ, ರೆಸಿಡೆನ್ಸಿ ನಡೆಯಲೇ ಇಲ್ಲ. 2003ರಲ್ಲಿ ಮತ್ತೆ ಅದೇ ಕಾಗದ. ವಾಪಸ್ ಬಂದ ಸ್ಲೈಡುಗಳಲ್ಲಿ ಒಂದೆರಡು ಬೊಟ್ಟು ಉದುರಿರುತ್ತಿದ್ದವು. ಅಂಟು ಸರಿಯಿಲ್ಲ ಎಂದು ನಾನು ಮರುವರ್ಷ ಇನ್ನೂ ದಪ್ಪನೆಯದು ತಂದೆ.

ಮೂರನೇ ಕಾಗದ ಬಂದ ದಿನ ನಾನು ಹೇಳಿದೆ: "ನೋಡಿದವರು ಮೂರು ಸಲ ಬೇಡ ಅಂದ್ರು. ನಿಮ್ಮ ಕೈಲಿ ಅಷ್ಟೇ ಇರೋದು. ಬಿಟ್ಬಿಡಿ."

ಅವರು ಆ ಮಳೆಗಾಲವೆಲ್ಲ ಬಣ್ಣದ ಡಬ್ಬಿ ತೆಗೆಯಲಿಲ್ಲ. ಭಾನುವಾರ ಗೋಡೆಗೆ ಒರಗಿ ಟಿವಿ ನೋಡುತ್ತಿದ್ದರು. ನಾನು ಹೇಳಿದ್ದು ಹತ್ತಿತು ಎಂದು ಗೊತ್ತಾಯಿತು. ಆದರೂ ವಾಪಸ್ ತೆಗೆದುಕೊಳ್ಳಲಿಲ್ಲ. ನನಗೂ ಸಾಕಾಗಿತ್ತು.

2004ರ ಜನವರಿಯಲ್ಲಿ ಮಿಲ್ಲಿನ ಸ್ಯಾಂಪಲ್ ಕೊಡಲು ಅಹಮದಾಬಾದಿಗೆ ಹೋದರು. ಬಂದವರು ಬೇರೆಯೇ ಮನುಷ್ಯ. ಟ್ರಸ್ಟಿನ ಆಫೀಸಿಗೆ ಹೋಗಿದ್ದೆ, ಅಲ್ಲಿ ಕನ್ನಡದ ಹುಡುಗಿಯೊಬ್ಬಳಿದ್ದಾಳೆ, ಕಾಫಿ ಕೊಟ್ಟಳು ಅಂದರು. ಬೇರೇನೂ ಹೇಳಲಿಲ್ಲ. ಮರುದಿನವೇ ಶೇಠಿನ ಹತ್ತಿರ ಮಾತಾಡಿದರು: ಎರಡು ತಿಂಗಳು ಮನೆಗೂ ಕೆಲಸ ತಂದು ಮಾಡುತ್ತೇನೆ, ಆಯ್ಕೆಯಾದರೆ ಆರು ವಾರ ಬಿಡಬೇಕು. ಶೇಠು ಹೂಂ ಅಂದ. ಹಾಗೆ ಆ ವರ್ಷ ಬೆಳಗಿನ ಜಾವ ಎದ್ದು ಫಿಲ್ಮು ಬರೆದರು, ಹಗಲು ಮಿಲ್ಲು, ಭಾನುವಾರ ಚಿತ್ರ. ಎದೆ ಉರಿಯುತ್ತದೆ ಅಂದರೆ ಸೋಡಾ ತರಿಸಿಕೊಟ್ಟೆ.

ಚೀಟಿಯ ದುಡ್ಡು ತಿಥಿಗೆ ಆಯಿತು.

ಏಪ್ರಿಲ್‌ನಲ್ಲಿ ಅದೇ ಅಚ್ಚಿನ ಕಾಗದ ಬಂತು. ಇವರ ಹೆಸರಿಗೆ. ಸ್ಲೈಡು ಮಾತ್ರ ಬರಲಿಲ್ಲ. ಯಾಕೆ ಎಂದು ನೋಡಿದರೆ ಸ್ಟಾಂಪು ಹಚ್ಚಿದ ವಾಪಸ್ ಲಕೋಟೆ ಟ್ರಂಕಿನ ಮೇಲೆಯೇ ಇತ್ತು. ಅದನ್ನು ಒಳಗಿಡುವುದೂ ಪ್ರತಿ ವರ್ಷ ನಾನೇ. ಆ ಭಾನುವಾರ ಕೋಪದಲ್ಲಿ ಮುಟ್ಟಿರಲಿಲ್ಲ.

ಮೇ ತಿಂಗಳು ಗಗನಾಳ ಸ್ಕೂಲು ಮುಗಿದ ಮೇಲೆ ಅವಳನ್ನು ಕರೆದುಕೊಂಡು ಬೆಳಗಿನ ಗಾಡಿ ಹತ್ತಿದೆ. ಕಿಟಕಿಯಲ್ಲಿ ವಡೋದರ ಸ್ಟೇಷನ್ ಬಂತು. ಗಾಡಿ ಸ್ವಲ್ಪ ಹೊತ್ತು ನಿಂತಿತ್ತು. "ಅಮ್ಮ, ಪಪ್ಪಾ ಬರಬೇಕು ಅಂದಿದ್ದು ಇಲ್ಲಿಗೇ ಅಲ್ವಾ?" ಅಂದಳು. ಹೂಂ ಅಂದೆ. ಸೇವ್ ಉಸಳ್ ಎಂಬ ಅಲ್ಲಿನ ತಿಂಡಿ ಮಾರುವವನು ಬಂದ. ಅವಳಿಗೆ ಕೊಡಿಸಿದೆ.

ನವರಂಗಪುರದಲ್ಲಿ ಆಫೀಸು ಎರಡನೇ ಮಹಡಿ. ಕನ್ನಡದ ಹುಡುಗಿಯ ಹೆಸರು ಅನುರಾಧಾ. ಅವರಪ್ಪ ಎಲ್‌ಐಸಿಯಲ್ಲಿದ್ದು ವರ್ಗವಾಗಿ ಬಂದವರಂತೆ, ಮನೆ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ. ಇವರ ಹೆಸರು ಹೇಳುತ್ತಲೇ ಎದ್ದು ನಿಂತಳು.

"ಅಯ್ಯೋ ಬನ್ನಿ ಅಮ್ಮ, ಬಾಲಚಂದ್ರ ಸರ್ ಮನೆಯವ್ರಾ? ಸರ್ ಬರ್ಲಿಲ್ವಾ?"

"ಇಲ್ಲ. ತೀರ್ಕೊಂಡ್ರು."

ಅವಳು ಕೂತುಬಿಟ್ಟಳು. ಆಮೇಲೆ ಎದ್ದು ನೀರು ತಂದುಕೊಟ್ಟಳು. ಸ್ಲೈಡ್ ಕೊಡಿ, ಹೋಗುತ್ತೇವೆ ಅಂದೆ. ಬೀರುವಿನಿಂದ ಪೊಟ್ಟಣ ತೆಗೆದು ಹತ್ತೂ ಎಣಿಸಿದಳು. ಏನಾದರೂ ಮಾತಾಡಬೇಕಲ್ಲ ಎಂದು, "ಈ ಸಲ ಮಷೀನಲ್ಲಿ ಸಲೀಸಾಗಿ ಹೋದ್ವು ಅಮ್ಮ. ಸ್ಟಿಕ್ಕರ್ ಇರ್ಲಿಲ್ವಲ್ಲ," ಅಂದಳು.

"ಯಾವ ಸ್ಟಿಕ್ಕರ್?"

ಅವಳು ಪೊಟ್ಟಣ ಮುಚ್ಚಿದಳು. "ಏನಿಲ್ಲ ಬಿಡಿ."

"ಹೇಳಿ."

"ಸರ್ ನಿಮಗೆ ಹೇಳ್ಬೇಡಿ ಅಂದಿದ್ರು."

"ಅವರೀಗ ಇಲ್ಲ. ಹೇಳಿ."

ಹೇಳಿದಳು. ಮಷೀನಿನಲ್ಲಿ ಸ್ಲೈಡ್ ಇಳಿಯುವ ಸಂದು ಸಣ್ಣದು. ಬೊಟ್ಟು ದಪ್ಪ. ಲೈಟಿನ ಬಿಸಿಗೆ ಅಂಟು ಕರಗಿ ಮೊದಲನೇ ಸ್ಲೈಡೇ ಸಿಕ್ಕಿಕೊಳ್ಳುತ್ತಿತ್ತು. ಆರುನೂರು ಅರ್ಜಿ ನೋಡಬೇಕು, ಜಡ್ಜ್‌ಗಳು ಕೂತಿರುತ್ತಾರೆ. ಮಷೀನ್ ನಡೆಸುವವನು ಇಕ್ಕಳದಲ್ಲಿ ಕಿತ್ತು, ಇವರ ಪೊಟ್ಟಣ ಪಕ್ಕಕ್ಕೆ ಇಟ್ಟು ಮುಂದೆ ಹೋಗುತ್ತಿದ್ದ. ಮೂರು ಸಲವೂ ಹಾಗೇ. ಕಾಗದ ಮಾತ್ರ ಎಲ್ಲರಿಗೂ ಒಂದೇ ಹೋಗುತ್ತದೆ.

"ಅಂದ್ರೆ ಚಿತ್ರ ಯಾರೂ ನೋಡ್ಲಿಲ್ಲ," ಅಂದೆ.

"ಇಲ್ಲ ಅಮ್ಮ. ನಾನು ಹೋದ ವರ್ಷ ಸೇರಿದ್ದು. ಜನವರೀಲಿ ಸರ್ ಬಂದು ಯಾಕೆ ಆಗ್ಲಿಲ್ಲ ಅಂತ ಕೇಳಿದಾಗ ರಿಜಿಸ್ಟರ್ ತೆಗೆದು ನೋಡಿದೆ. ಹೇಳಿದ್ಮೇಲೆ ಸರ್ ತುಂಬ ನಕ್ಕರು. 'ನಮ್ಮನೆಯವಳು ಅಂಟ್ಸೋದು, ಅವಳಿಗೆ ಗೊತ್ತಾಗೋದು ಬೇಡ' ಅಂದ್ರು."

ಮೂರನೇ ಕಾಗದದ ದಿನ ನಾನು ಹೇಳಿದ ಮಾತನ್ನು ಅವರು ತಿರುಗಿಸಿ ನನಗೇ ಹೇಳಬಹುದಿತ್ತು. ಹೇಳಿದ್ದರೆ ನಾನು ಜಗಳವಾಡುತ್ತಿದ್ದೆ. ಜಗಳವಾದರೂ ಆಗಿರುತ್ತಿತ್ತು.

"ಈ ಸಲ ನೋಡಿದ್ರಾ?" ಅಂತ ಕೇಳಿದೆ. ನನಗೆ ಅಷ್ಟು ಗೊತ್ತಾಗಬೇಕಿತ್ತು.

"ನೋಡಿದ್ರು ಅಮ್ಮ. ಹತ್ತೂ ನೋಡಿದ್ರು."

"ಎಷ್ಟು ಹೊತ್ತು?"

ಅವಳಿಗೆ ಸಂಕೋಚವಾಯಿತು. "ಒಂದಕ್ಕೆ ಆರು ಸೆಕೆಂಡು. ಎಲ್ರಿಗೂ ಅಷ್ಟೇ."

"ಹತ್ತೂ ಸೇರಿ ಒಂದು ನಿಮಿಷ," ಅಂದಳು ಗಗನಾ.

"ಏಳನೇದನ್ನ ಎರಡು ಸಲ ಹಾಕ್ಸಿದ್ರು," ಅಂದಳು ಅನುರಾಧಾ. "ಗಂಟಿನ ಮೇಲೆ ಮಲಗಿರೋ ಹಮಾಲ. ಹಿಂದಕ್ಕೆ ಹೋಗಿ ಅಂತ ಒಬ್ಬರು ಹೇಳಿದ್ರು."

ಆ ಚಿತ್ರ ನನಗೆ ಗೊತ್ತಿತ್ತು. ಬೇಳೆ ತರಲು ಕಳಿಸಿದ್ದೆ. ದಾರಿಯಲ್ಲಿ ಆ ಮನುಷ್ಯನನ್ನು ನೋಡಿ, ಬೇಳೆ ಮರೆತು ಓಡಿಬಂದು ಬರೆಯಲು ಕೂತಿದ್ದರು. ಆ ದಿನ ಮಜ್ಜಿಗೆ ಅನ್ನ ಉಂಡೆವು. ನಾನು ಬೈದಿದ್ದೆ.

ಅನುರಾಧಾ ರಿಜಿಸ್ಟರ್ ತಿರುಗಿಸಿ ಇವರ ಹೆಸರಿನ ಮುಂದೆ ಬೆರಳಿಟ್ಟಳು. ಇಂಗ್ಲಿಷಿನಲ್ಲಿ ಒಂದು ಸಾಲು. ಕನ್ನಡದಲ್ಲಿ ಹೇಳಿದಳು: "ಮುಂದಿನ ವರ್ಷ ಮತ್ತೆ ಅರ್ಜಿ ಹಾಕಲಿ." ಹಾಗೆ ಆರುನೂರರಲ್ಲಿ ನಾಲ್ಕೈದು ಜನಕ್ಕೆ ಮಾತ್ರ ಬರೆಯುತ್ತಾರಂತೆ. ನಾನು ಆ ಸಾಲನ್ನು ನೋಡಿದೆ. ಓದಲು ಬರಲಿಲ್ಲ. ಹೆಸರು ಯಾವುದು ಎಂದು ಕೇಳಿ ನೋಡಿಕೊಂಡೆ.

ಸಂಜೆಯ ಗಾಡಿಗೆ ವಾಪಸ್ ಬಂದೆವು.

ಆಮೇಲೆ ಆ ಮನೆ ಬಿಟ್ಟೆವು. ಬಾಡಿಗೆ ಹೆಚ್ಚು. ನಾನು ಈಗ ಮಾರ್ಕೆಟಿನ ಅಂಗಡಿಯಲ್ಲಿ ಸೀರೆ ಮಡಚುತ್ತೇನೆ. ಇರುವುದು ಒಂದೇ ಕೋಣೆ, ನಲ್ಲಿ ಒಳಗೇ, ಒಂದು ಮೂಲೆಯಲ್ಲಿ. ಇವರ ಚಿತ್ರಗಳು ಇಪ್ಪತ್ತೊಂಬತ್ತು ಬೋರ್ಡು. ಇಡಲು ಆ ಮೂಲೆ ಬಿಟ್ಟು ಬೇರೆ ಜಾಗವಿಲ್ಲ. ಮನೆ ಓನರು, "ರದ್ದಿಯವನಿಗೆ ಕೊಡಿ ಬೆಹೆನ್, ಎಷ್ಟು ಜಾಗ ಹಿಡಿದಿದೆ," ಅಂದರು. ಊರಿಂದ ಬಂದ ನನ್ನ ತಮ್ಮನೂ ಅದನ್ನೇ ಹೇಳಿದ.

ನೀರು ಆರು ಗಂಟೆಗೆ ಬರುತ್ತದೆ. ಹಾರ್ಡ್‌ಬೋರ್ಡಿಗೆ ನೀರು ಸಿಡಿದರೆ ಉಬ್ಬುತ್ತದೆ. ಐದೂವರೆಗೆ ಎದ್ದು ಗಗನಾಳನ್ನು ಎಬ್ಬಿಸುತ್ತೇನೆ, ಮಂಚ ಬೇಕಲ್ಲ. ಬೋರ್ಡುಗಳನ್ನು ಒಂದೊಂದಾಗಿ ಎತ್ತಿ, ಒಣಬಟ್ಟೆಯಲ್ಲಿ ಮುಖ ಒರೆಸಿ, ನೋಡಿ, ಮಂಚದ ಮೇಲೆ ಸಾಲಾಗಿ ನಿಲ್ಲಿಸುತ್ತೇನೆ. ಅವಸರ ಮಾಡುವುದಿಲ್ಲ. ಇಪ್ಪತ್ತೊಂಬತ್ತಕ್ಕೂ ಸೇರಿ ಅರ್ಧ ಗಂಟೆ ಹಿಡಿಯುತ್ತದೆ. ಆಮೇಲೆ ನೀರು ತುಂಬಿ, ನೆಲ ಒರೆಸಿ, ಒಣಗಿದ ಮೇಲೆ ಮತ್ತೆ ಮೂಲೆಗೆ ಜೋಡಿಸಿ ಕೆಲಸಕ್ಕೆ ಹೋಗುತ್ತೇನೆ.