ಯಾವ ಅಂಕಲ್?

ಕಳೆದ ಭಾನುವಾರ ಮಧ್ಯಾಹ್ನ, ಅಮೆರಿಕದ ಯೂನಿಯನ್ ಸಿಟಿಯ ಮಗಳ ಮನೆಯಲ್ಲಿ, ನ್ಯಾಯವಾದ ಪ್ರಶ್ನೆಯೊಂದನ್ನು ಕೇಳಿದ ತಪ್ಪಿಗೆ ನನ್ನ ಬಾಯಿ ಮುಚ್ಚಿಸಲಾಯಿತು. ಮುಚ್ಚಿಸಿದವರು ಮಗಳು ವೀಣಾ, ಅಳಿಯಂದಿರಾದ ಶ್ರೀನಿಧಿ, ಮೊಮ್ಮಗಳು ತನ್ವಿ. ಆಗ ಚಿತ್ರ ಆರಂಭವಾಗಿ ಹನ್ನೊಂದು ನಿಮಿಷವಾಗಿತ್ತು. ನಾನು ಗಡಿಯಾರ ನೋಡಿಕೊಂಡಿದ್ದೇನೆ.

ಚಿತ್ರವೋ, ಕಪ್ಪುಬಿಳುಪಿನ ಕಾಲದ ಬ್ರಿಟಿಷ್ ಕೊಲೆಯ ಕಥೆ. ನಿರ್ಮಾಪಕನ ದಾರಿದ್ರ್ಯವನ್ನು ಲಂಡನ್ನಿನ ಮಂಜು ಉದಾರವಾಗಿ ಮುಚ್ಚಿತ್ತಾದರೂ, ಬಾಗಿಲು ಹಾಕಿದಾಗಲೆಲ್ಲ ಬಂಗಲೆಯ ಗೋಡೆ ನಡುಗುತ್ತಿತ್ತು. ಕೊಲೆಯಾದವನು ಕೂತಿದ್ದ ಕುರ್ಚಿಯೇ ಮುಂದಿನ ದೃಶ್ಯದಲ್ಲಿ ಪೊಲೀಸ್ ಠಾಣೆಯಲ್ಲಿ ಕಂಡಾಗ, ಅದನ್ನೂ ವಿಚಾರಣೆಗೆ ಕರೆತಂದರೆಂದೇ ಭಾವಿಸಿದೆ. ಸತ್ತ ಶ್ರೀಮಂತ ಅವಿವಾಹಿತ. ಅಣ್ಣತಮ್ಮಂದಿರಿಲ್ಲ, ಇದ್ದವಳು ಮದುವೆಯಾಗಿ ಹೋದ ತಂಗಿಯೊಬ್ಬಳೇ ಎಂದು ವಕೀಲ ಹೇಳಿದ್ದ. ಅಷ್ಟರಲ್ಲಿ ವಿದೇಶದಿಂದ ಬಂದ ತರುಣನೊಬ್ಬ ಮೃತನದೇ ಕುಲನಾಮ ಹೇಳಿಕೊಂಡು, ‘ಅವರು ನನ್ನ ಅಂಕಲ್’ ಎಂದು ಕಣ್ಣೊರೆಸಿಕೊಂಡ.

“ಯಾವ ಅಂಕಲ್? ಸೋದರಮಾವನೋ, ದೊಡ್ಡಪ್ಪನೋ?” ಎಂದೆ.

“ಅಪ್ಪಾ, ಅಂಕಲ್ ಅಂದ್ರೆ ಅಂಕಲ್ ಅಷ್ಟೇ,” ಎಂದಳು ವೀಣಾ.

“ಇಟ್ಸ್ ದ ಸೇಮ್ ಥಿಂಗ್, ತಾತ,” ಎಂದಳು ತನ್ವಿ.

ಶ್ರೀನಿಧಿಯವರು ಚಿತ್ರ ನಿಲ್ಲಿಸಿ, ಆಫೀಸಿನ ಮೀಟಿಂಗಿನ ದನಿಯಲ್ಲಿ, “ಮಾವ, ಹೀಗೆ ಮಧ್ಯ ಮಧ್ಯ ಕೇಳಿದ್ರೆ ನೆಕ್ಸ್ಟ್ ವೀಕಿಂದ ನಾವು ಮೂರೇ ಜನ ನೋಡ್ಕೋತೀವಿ,” ಎಂದರು.

ವಾರದಲ್ಲಿ ನಾವು ನಾಲ್ವರೂ ಒಂದೇ ಸೋಫಾದಲ್ಲಿ ಕೂರುವುದು ಆ ಒಂದು ಮಧ್ಯಾಹ್ನ ಮಾತ್ರ. ಅದನ್ನು ಕಳೆದುಕೊಳ್ಳಲಾರದೆ ಸುಮ್ಮನಾದೆ. ಆದರೆ ಚೀಟಿಯೊಂದರಲ್ಲಿ ನನ್ನ ತೀರ್ಪನ್ನು ಬರೆದು ಟೀಪಾಯಿಯ ಮೇಲೆ ಮಗುಚಿಟ್ಟೆ.

ಕೊನೆಯ ದೃಶ್ಯದಲ್ಲಿ ಇನ್‌ಸ್ಪೆಕ್ಟರು ಪೈಪು ಕೆಳಗಿಟ್ಟು ಅದನ್ನೇ ಕೇಳಿದ: ತಂಗಿಯ ಮಗನಾದರೆ ಅಪ್ಪನ ಕುಲನಾಮವಿರಬೇಕಲ್ಲ, ಮಾವನದು ಹೇಗೆ ಬಂತು? ತರುಣ ಓಡಿದ, ಗೋಡೆ ನಡುಗಿತು. ವೀಣಾ ಚೀಟಿ ತಿರುವಿ ಓದಿದಳು: “ಇವನು ಅಳಿಯನೇ ಅಲ್ಲ, ಕೊಲೆಗಾರ.”

“ಇದು ನನ್ನ ಬಗ್ಗೆನಾ, ಮಾವ?” ಎಂದರು ಶ್ರೀನಿಧಿ. ನಾನು ಉತ್ತರಿಸಲು ಆತುರಪಡಲಿಲ್ಲ. “ಅಲ್ಲ, ಆ ತಂಗಿ ಅದೇ ಸರ್‌ನೇಮಿನವನ್ನ ಮದುವೆ ಆಗಿರಬಹುದಿತ್ತಲ್ವಾ?” ಎಂದು ಅವರೇ ಮೇಲ್ಮನವಿ ಸಲ್ಲಿಸಿದರು.

“ಸಗೋತ್ರವೇ?” ಎಂದೆ. ಮೇಲ್ಮನವಿ ವಜಾ ಆಯಿತು.

ಓದುಗ ಮಿತ್ರರೇ, ಆ ನಿರ್ಮಾಪಕ ಕುರ್ಚಿಯಲ್ಲಿ ತೋರಿದ ಮಿತವ್ಯಯವನ್ನು ಇಂಗ್ಲಿಷ್ ಭಾಷೆ ನೆಂಟಸ್ತಿಕೆಯಲ್ಲಿ ತೋರಿದೆ. ಒಬ್ಬನೇ ಅಂಕಲ್ಲನ್ನು ಎಲ್ಲ ಮನೆಗಳಿಗೂ ಹೊತ್ತು ತಿರುಗುತ್ತದೆ. ಇದು ಹೊಳೆದದ್ದು ತನ್ವಿಗೆ. ಸದಾ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ ಹತ್ತಿರ ಸರಿದು, “ತಾತ, ಮೆನ್ಲೋ ಪಾರ್ಕಲ್ಲಿರೋ ಅಂಕಲ್ ನಂಗೆ ಯಾವ ಅಂಕಲ್?” ಎಂದು ಅಚ್ಚಗನ್ನಡದ ಅನುಮಾನದಲ್ಲಿ ಕೇಳಿದಳು.

“ಯಾವುದೂ ಅಲ್ಲ, ಪುಟ್ಟೀ. ನಿಮ್ಮಪ್ಪನ ಆಫೀಸಿನವರು.”

ಅವಳು ಅಪ್ಪ ಅಮ್ಮನನ್ನು ಇನ್‌ಸ್ಪೆಕ್ಟರಂತೆ ನೋಡಿದಳು. ಈಗ ನಾನು ಕೇಳುತ್ತೇನೆ, ವೀಣಾ, ಶ್ರೀನಿಧಿಯವರೇ: ಮುಂದಿನ ಭಾನುವಾರ ಸೋಫಾದಲ್ಲಿ ಮೂರೇ ಜನ ಸಾಕೆಂದಾದರೆ, ಎದ್ದು ಹೋಗಬೇಕಾದವರು ನಿಮ್ಮಿಬ್ಬರಲ್ಲಿ ಯಾರು?